ಅವ್ವನ ನೋವು ದೇವರ ದಾನ ಅಂತಾರ, ಖರೇ ಏನ್ರಿ?

ಅವ್ವಗ ಕ್ಯಾನ್ಸರ್, ಕಿಮೋ ನಡದೈತಿ, ಪ್ರಾರ್ಥನಾ ಕೂಟದವರು ಮನಿಗೆ ಬಂದು "ನೋವು ದೇವರ ದಾನ, ಸಂತೋಷದಿಂದ ತಾಳ್ಕೋರಿ" ಅಂದು ಹೋದ್ರು, ಕ್ರೈಸ್ತರು ಹಿಂಗ ನಂಬಬೇಕೇನು ಅಂತ ಕೇಳೀರಿ. ಬ್ಯಾಡ್ರಿ. ನಾನು ಗದಗ-ಬೆಟಗೇರಿಯವ, ಹುಟ್ಟಿದಾಗಿಂದ ಚರ್ಚಿಗೆ ಹೋಗಾವ, ನಮ್ಮಪ್ಪ ಲಕ್ವಾ ಹೊಡದು ವರ್ಷಗಟ್ಟಲೆ ಹಾಸಿಗಿ ಹಿಡದಾಗ ಇಂಥಾ ಮಾತು ಭಾಳ ಕೇಳೀನಿ.

ನೋವು ತಾನಾಗೇ ಒಳ್ಳೇದಿದ್ರ ಯೇಸುಸ್ವಾಮಿ ಊರೂರು ತಿರಗಿ ಕುಷ್ಠ ಆದವರನ್ನ, ಕುರುಡರನ್ನ, ಹನ್ನೆರಡು ವರ್ಷದಿಂದ ರಕ್ತ ಹೋಗ್ತಿದ್ದ ಆ ಹೆಣ್ಮಗಳನ್ನ ಯಾಕ ವಾಸಿ ಮಾಡ್ತಿದ್ರು? ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು, ಅವರೊಳಗ ಜರ್ಮನ್ ಮಂದಿನ ಭಾಳ, 1837ರಾಗ ಧಾರವಾಡಕ್ಕ ಬಂದ್ರು, ಆಮ್ಯಾಲೆ ನಮ್ಮ ಬೆಟಗೇರಿಗೂ ಬಂದು ಚರ್ಚು, ಸಾಲಿ ಅಷ್ಟ ಕಟ್ಟಿ ಸುಮ್ನಾಗಲಿಲ್ಲ, ದವಾಖಾನಿನೂ ತಗದ್ರು, ಈಗೂ ಹಳೇ ಮಂದಿ ಅದನ್ನ ಜರ್ಮನ್ ದವಾಖಾನಿ ಅಂತಾರ. ನೋವಿಗೆ ಔಷಧ ಕೊಡೋದು ದೇವರ ಕೆಲಸ ಅಂತ ನಂಬಿದವರ ಮಕ್ಕಳು ಮೊಮ್ಮಕ್ಕಳು ನಾವು.

ಇನ್ನ "ಯಾವ ಪಾಪಕ್ಕ ಬಂತೋ" ಅನ್ನೋರು. ನಮ್ಮ ಓಣ್ಯಾಗ ಹಿಂದಿನ ಜನ್ಮದ ಕರ್ಮ ಅಂತಾರ, ಚರ್ಚಿನಾಗ ಪಾಪದ ಫಲ ಅಂತಾರ, ಎರಡೂ ಕಡೆ ಹಾಸಿಗಿ ಮ್ಯಾಲೆ ಇದ್ದವರಿಗೆ ಏಟು ಒಂದ. ಬೈಬಲಿನ ಯೋಹಾನನ ಸುವಾರ್ತೆ 9ನೇ ಅಧ್ಯಾಯದಾಗ ಯೇಸುವಿನ ಶಿಷ್ಯರು ಹುಟ್ಟುಕುರುಡನ್ನ ನೋಡಿ ಇದನ್ನ ಕೇಳಿದ್ದು, ಪಾಪ ಇವಂದೋ, ಇವನ ತಂದಿತಾಯಿದೋ ಅಂತ, ಯಾರದೂ ಅಲ್ಲ ಅಂತ ಸ್ವಾಮಿ ಖಡಕ್ಕಾಗಿ ಹೇಳಿದ್ರು. ಬೈಬಲಿನಾಗ ಯೋಬ ಅಂತ ಒಬ್ಬ ಒಳ್ಳೆ ಮನುಷ್ಯಾ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡಾವ, ಅವನ ಗೆಳೆಯರನ್ನ ನೋಡ್ರಿ, ಏಳು ಹಗಲು ಏಳು ರಾತ್ರಿ ಬಾಯಿ ಬಿಡದ ಅವನ ಬಾಜೂಕ ನೆಲದ ಮ್ಯಾಲೆ ಕುಂತ್ರು, ಅಲ್ಲೀತನಕ ಬರೋಬರಿ ಇತ್ತು, ಬಾಯಿ ತಗದು ಉಪದೇಶ ಶುರು ಮಾಡಿದ್ರು ನೋಡ್ರಿ, ಅಲ್ಲೇ ಕೆಟ್ಟಿತು. ಕಡೀಕ ದೇವರು ಸಿಟ್ಟಾಗಿದ್ದು ಆ ಗೆಳೆಯರ ಮ್ಯಾಲೆ, ದೇವರ ಜೊತಿ ಜಗಳ ತಗದ ಯೋಬನ ಮ್ಯಾಲಲ್ಲ. ಹಂಗಾಗಿ ಅವ್ವ ಅತ್ರ ಅಳಲಿ, ದೇವರನ್ನ ಬೈದ್ರೂ ಬೈಲಿ. 88ನೇ ಕೀರ್ತನೆ ಓದ್ರಿ, ಅದು ಕತ್ತಲಿಯೊಳಗ ಮುಗೀತದ, ಸಮಾಧಾನದ ಒಂದ್ ಸಾಲೂ ಕಡೀಕಿಲ್ಲ, ಆದ್ರೂ ಅದು ಬೈಬಲಿನಾಗ ಐತಿ.

ಹಂಗಾದ್ರ ಯೇಸುವಿನ ಅಪೊಸ್ತಲ ಪೌಲ ಯಾಕ ಉಪದ್ರವದಿಂದ ತಾಳ್ಮಿ ಬರ್ತದ ಅಂತ ರೋಮಾಪುರದ ಕ್ರೈಸ್ತರಿಗೆ ಪತ್ರ ಬರದ ಅಂತೀರಿ. ಛಡಿ ಏಟು, ಜೇಲು, ಹಡಗು ಒಡದಿದ್ದು ಎಲ್ಲಾ ತಾನ ಅನುಭವಿಸಿ, "ನಾವು" ಅಂತ ತನ್ನನ್ನೂ ಸೇರಿಸಿ ಬರದಾನ, ಇನ್ನೊಬ್ಬರ ಮಂಚದ ಹತ್ರ ನಿಂತು ಹೇಳಿದ್ದಲ್ಲ. ಅವನೂ ತನ್ನನ್ನ ಕಾಡ್ತಿದ್ದ ಒಂದು ಬಾಧೆನ "ಮೈಯಾಗಿನ ಮುಳ್ಳು" ಅಂತ ಕರದು, ಅದನ್ನ ತಗಿಯಪ್ಪಾ ಅಂತ ಮೂರು ಸಲ ಬೇಡ್ಕೊಂಡಾನ. ಶಿಲುಬಿಗೆ ಹಾಕೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಾಗ ಸ್ವಾಮಿನೂ ಈ ಪಾತ್ರೆ, ಅಂದ್ರ ಬರೋ ನೋವು, ನನ್ನಿಂದ ದೂರ ಮಾಡು ಅಂತ ಕೇಳ್ಕೊಂಡ್ರು.

ನೋವುಣ್ಣೋ ಮನುಷ್ಯಾನ ಬೆಲೆ ನನಗ ಕಂಡಿದ್ದು ಎಲ್ಲಿ ಅಂದ್ರ, ಅಪ್ಪಗ ಲಕ್ವಾದಾಗ ಮಾತು ಹೋಗಿತ್ತು. ಗಂಡನ್ನ ಕಳ್ಕೊಂಡ ನಮ್ಮ ಓಣಿಯ ಒಬ್ಬಾಕಿ ಸಂಜೀಕ ಬಂದು ಅವನ ಹತ್ರ ಕುಂತು ಅಳತಿದ್ಲು, ಯಾಕಂದ್ರ ಉಳದವರೆಲ್ಲಾ ಬುದ್ಧಿ ಹೇಳೋರು, ಅಪ್ಪ ಸರಿ ಇದ್ದ ಕೈಲೇ ಆಕಿ ಕೈ ಹಿಡಕೊಂಡು ತಾನೂ ಅಳಾವ. ಅದಕ್ಕಂತನ ದೇವರು ಅವನ ಮಾತು ಕಸಗೊಂಡ ಅಂತ ನಾ ಎಂದೂ ಅನ್ನಂಗಿಲ್ಲ. ಆದ್ರ ಮೂಲ್ಯಾಗ ಬಿದ್ದಾನ ಅಂತ ಊರು ತಿಳಕೊಂಡಿದ್ದ ಮನುಷ್ಯಾನ ಹತ್ರ ಇನ್ನೊಬ್ಬರಿಗೆ ಕೊಡಾಕ ಇನ್ನೂ ಅಷ್ಟಿತ್ತು. ಮತ್ತಾಯ 25ರಾಗ ಸ್ವಾಮಿ "ರೋಗದಾಗಿದ್ದೆ, ನೀವು ನನ್ನ ನೋಡ್ಕೊಂಡ್ರಿ" ಅಂತಾರಲ್ಲ, ಅಲ್ಲಿ ಅವರು ಮಂಚದ ಮ್ಯಾಲಿನವರು, ಗಂಜಿ ಕುಡಿಸೋರು ನಾವು. ಶಿಲುಬಿ ಮ್ಯಾಲೆ "ಯಾಕ ಕೈಬಿಟ್ಟಿ" ಅಂತ ಕೂಗಿದ ದೇವರನ್ನ ನಂಬಿದ ಮ್ಯಾಲೆ ನಿಮ್ಮ ಅವ್ವನ ನರಳಾಟ ಅವನಿಂದ ದೂರದ್ದು ಅಂತ ನನಗ ಅನ್ನಾಕ ಬರಂಗಿಲ್ಲ.

ಇನ್ನೊಂದು, ನೋವಿನ ಗುಳಿಗಿ ತಗೊಂಡ್ರ ವಿಶ್ವಾಸ ಕಡಿಮಿ ಅಂತ ಯಾರರೇ ಅಂದ್ರ ಕೇಳಬ್ಯಾಡ್ರಿ. ಶಿಲುಬಿಗೆ ಹಾಕೋವಾಗ ನೋವು ಮರಸಾಕ ಕೊಟ್ಟ ರಕ್ತಬೋಳ (ಒಂದು ಗಿಡದ ಅಂಟು) ಬೆರೆಸಿದ ದ್ರಾಕ್ಷಾರಸನ ಸ್ವಾಮಿ ಬ್ಯಾಡ ಅಂದಿದ್ದು ತಮಗಷ್ಟ, ನೀವೂ ಬ್ಯಾಡ ಅನ್ರಿ ಅಂತ ಹೇಳಿಲ್ಲ. ಡಾಕ್ಟರ್ ಮಾರ್ಫಿನ್ ಬರದ್ರ ಟೈಮಿಗೆ ಸರಿಯಾಗಿ ಕೊಡ್ರಿ, ನೋವು ಕಡಿಮಿ ಆಗದಿದ್ರ ತಡಕೊಳ್ಳಬ್ಯಾಡ್ರಿ, ಡೋಸ್ ಸಾಕಾಗವಲ್ದು ಅಂತ ಅವರಿಗೆ ಹೇಳ್ರಿ. ಕೂಟದವರು ಮತ್ತ ಬಂದ್ರ ಒಳಗ ಕರೀರಿ, ಒಂದು ಹಾಡು ಹಾಡಲಿ, ಅವ್ವಗ ಹಾಡು ಸೇರಿದ್ರ, ಉಪದೇಶ ಮಾತ್ರ ಬ್ಯಾಡ ಅಂತ ಬಾಗಲದಾಗ ಹೇಳಿಬಿಡ್ರಿ, ಮತ್ತ ನೀವು ಒಬ್ಬರ ರಾತ್ರಿ ಪೂರಾ ಎಚ್ಚರ ಇರ್ತೀರಂದ್ರ ಅವರೊಳಗ ಯಾರನ್ನರೇ ವಾರದಾಗ ಒಂದು ರಾತ್ರಿ ಅವ್ವನ ಹತ್ರ ಕುಂದ್ರಾಕ ಬರ್ರಿ ಅಂತ ಸಂಕೋಚ ಇಲ್ಲದ ಕೇಳ್ರಿ.