‘ಛಾಪಾ ಕಾಗದ’ದ ಲೇಖಕರಿಗೆ

ನಿಮ್ಮ ‘ಛಾಪಾ ಕಾಗದ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲಾರೆ.

ಮಗನಿಗೆ ಸರ್ಕಾರಿ ನೌಕರಿ ಕೊಡಿಸುತ್ತೇನೆಂದ ದಲ್ಲಾಳಿಗೆ ಅಪ್ಪ ಎರಡೆಕರೆ ಮಾರಿ ಆರು ಲಕ್ಷ ಕೊಡುತ್ತಾನೆ. ಕರಾರು ಬರೆಸಿ ನೋಟರಿ ಮುದ್ರೆಯನ್ನೂ ಹಾಕಿಸುತ್ತಾನೆ. ಇಲ್ಲಿಯವರೆಗೆ ಸೊಗಸಾಗಿದೆ. ದುಡ್ಡು ಎಣಿಸುವಾಗ ಮಗ ಸುಮ್ಮನೆ ಎದ್ದು ಕೊಟ್ಟಿಗೆಗೆ ಹೋಗಿಬಿಡುತ್ತಾನಲ್ಲ, ಅದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ.

ಆಮೇಲೆ ಕೋರ್ಟು. ವಕೀಲರು ಆ ಕಾಗದ ಹಿಡಿದು ಒಂದೂವರೆ ಪುಟ ಭಾಷಣ ಮಾಡುತ್ತಾರೆ, ನ್ಯಾಯಾಧೀಶರು ಕರಾರು ಭಂಗವೆಂದು ಬಡ್ಡಿ ಸಮೇತ ಡಿಕ್ರಿ ಕೊಡುತ್ತಾರೆ. ಕೊಡುವುದಿಲ್ಲ ಸ್ವಾಮಿ. 1872ರ ಕರಾರು ಕಾಯಿದೆಯ 23ನೇ ಕಲಮಿನ ಕೆಳಗಿರುವ ದೃಷ್ಟಾಂತಗಳನ್ನು ನೋಡಿ: ಒಬ್ಬ ಸರ್ಕಾರಿ ನೌಕರಿ ಕೊಡಿಸುವೆನೆಂದು ಮಾತು ಕೊಡುತ್ತಾನೆ, ಇನ್ನೊಬ್ಬ ಅದಕ್ಕೆ 1,000 ರೂಪಾಯಿ ಕೊಡುವೆನೆನ್ನುತ್ತಾನೆ, ಆ ಒಪ್ಪಂದ ಶೂನ್ಯ, ಎಂದರೆ ಕಾನೂನಿನ ಕಣ್ಣಿಗೆ ಅದಕ್ಕೆ ಬೆಲೆಯೇ ಇಲ್ಲ. ನಿಮ್ಮ ಕಥೆಯನ್ನು ಕಾಯಿದೆ ಬರೆದವರೇ ಒಂದು ಸಾಲಿನಲ್ಲಿ ಬರೆದಿಟ್ಟಿದ್ದಾರೆ! ನೋಟರಿ ಮುದ್ರೆ ಬಿದ್ದರೆ ಅಕ್ರಮ ಸಕ್ರಮವಾಗದು. ಅಪ್ಪ ಟ್ರಂಕಿನಲ್ಲಿ ಜೋಪಾನವಾಗಿಟ್ಟ ಕಾಗದವೇ ಅವನ ವಿರುದ್ಧ ಸಾಕ್ಷಿ. ಕಥೆಯ ತಿರುಳು ಇಲ್ಲಿತ್ತು, ನೀವು ದಾಟಿಕೊಂಡು ಹೋಗಿಬಿಟ್ಟಿರಿ.

ಕೊಟ್ಟ ಅಸಲಾದರೂ ಬರಬೇಡವೇ ಎಂದೀರಿ. 65ನೇ ಕಲಮು ಇರುವುದು ಅದಕ್ಕೇ: ಒಪ್ಪಂದ ಶೂನ್ಯವೆಂದು ಆಮೇಲೆ ಗೊತ್ತಾದರೆ ಪಡೆದವನು ಹಿಂದಿರುಗಿಸಬೇಕು. ‘ಆಮೇಲೆ’ ಎಂಬಲ್ಲೇ ಗಂಟು. ಅಕ್ರಮವೆಂದು ಗೊತ್ತಿದ್ದೇ ಕೈಹಾಕಿದವರಿಗೆ ಈ ಕಲಮಿನ ಆಸರೆ ಇಲ್ಲವೆಂದು 1974ರಲ್ಲಿ ಕುಜು ಕಾಲಿಯರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು.

ದಾರಿ ಪೂರ್ತಿ ಕಟ್ಟಿಲ್ಲ. ಸೀತಾರಾಮ್–ರಾಧಾಬಾಯಿ ಪ್ರಕರಣದಲ್ಲಿ ಅದೇ ಕೋರ್ಟು ಮೂರು ಸಂದರ್ಭ ಗುರುತಿಸಿದೆ: ಅಕ್ರಮ ಉದ್ದೇಶ ಇನ್ನೂ ಬಹುಪಾಲು ನೆರವೇರಿಲ್ಲದಿದ್ದರೆ, ವಾದಿಯ ತಪ್ಪು ಪ್ರತಿವಾದಿಯ ತಪ್ಪಿನಷ್ಟಿಲ್ಲದಿದ್ದರೆ, ಅಕ್ರಮದ ಮಾತೆತ್ತದೆಯೇ ಹಕ್ಕು ಸಾಧಿಸಲಾದರೆ. ದಲ್ಲಾಳಿ ಮೊದಲಿನಿಂದಲೂ ಟೋಪಿ ಹಾಕುವವನೇ ಆಗಿದ್ದರೆ ಎರಡನೆಯದನ್ನು ಹಿಡಿದು ವಾದಿಸಬಹುದು, ವಂಚನೆಯ ದೂರನ್ನೂ ಕೊಡಬಹುದು. ಆದರೆ ಆಗ, ಮೂರನೇ ಪುಟದಲ್ಲಿ ಊರಿಗೆಲ್ಲ ನ್ಯಾಯ ಹೇಳುತ್ತಿದ್ದ ಈ ಮನುಷ್ಯ ಕಟಕಟೆಯಲ್ಲಿ ನಿಂತು ‘ಲಂಚಕ್ಕೆಂದು ದುಡ್ಡು ಕೊಟ್ಟೆ’ ಎನ್ನಬೇಕು. ಭ್ರಷ್ಟಾಚಾರ ತಡೆ ಕಾಯಿದೆಗೆ ಬಂದ 2018ರ ತಿದ್ದುಪಡಿಯ ಮೇಲೆ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಕೊಟ್ಟವನಿಗೆ ದೂರು ಕೊಡಲು ಏಳು ದಿನದ ಗಡುವಿದೆ. ನಿಮ್ಮ ನಾಯಕ ಕಾದದ್ದು ಎರಡು ವರ್ಷ.

ಕೋರ್ಟಿನ ಭಾಷಣ ಕಿತ್ತುಹಾಕಿ. ವಕೀಲರು ತಮ್ಮ ಆಫೀಸಿನಲ್ಲಿ ಕಾಗದ ಓದಿ, ಮಾತಾಡದೆ ಮಡಿಸಿ ವಾಪಸ್ ಕೊಡುವಲ್ಲಿಂದ ಮತ್ತೆ ಬರೆಯಿರಿ. ಮೊದಲ ಪುಟದ ಸೂರ್ಯೋದಯವೂ ಬೇಡ. ಹಸ್ತಪ್ರತಿ ಜೊತೆಗಿದೆ; ಪೆನ್ಸಿಲ್ ಗುರುತು ಅಳಿಸಬೇಡಿ, ಹೊಸ ಕರಡಿನೊಂದಿಗೆ ಇದನ್ನೂ ಕಳಿಸಿ.

– ಸಂಪಾದಕ