ಟೆಸ್ಟ್ ಡ್ರೈವ್: ಶೋರೂಮಿನ ದಾರಿ ಬಿಟ್ಟು ನಿಮ್ಮ ದಾರಿ ಹಿಡಿಯಿರಿ

ವಾಹನ ವಿಭಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಪತ್ರಗಳು.

ಪ್ರಶ್ನೆ: ನನ್ನ ಹತ್ತಿರ 2018ರ ವಿಟಾರಾ ಬ್ರೆಝಾ ಡೀಸೆಲ್ ಇದೆ, 95 ಸಾವಿರ ಕಿ.ಮೀ. ಓಡಿದೆ. ಹೊಸ ಬ್ರೆಝಾ ಪೆಟ್ರೋಲ್ ಗಾಡಿಯನ್ನು ರಿಂಗ್ ರಸ್ತೆಯಲ್ಲಿ ನಾಲ್ಕು ಕಿ.ಮೀ. ಓಡಿಸಲು ಕೊಟ್ಟರು. ಸದ್ದಿಲ್ಲದೆ, ಮೆತ್ತಗೆ ಹೋಯಿತು. ಆದರೆ ನನ್ನ ಓಡಾಟವೆಲ್ಲ ಸೇಡಂ ರಸ್ತೆಯಲ್ಲಿ, ಸಿಮೆಂಟ್ ಲಾರಿಗಳ ನಡುವೆ. ಎರಡನ್ನೂ ಖರೇ ಹೋಲಿಸಿ ನೋಡುವುದು ಹ್ಯಾಂಗ? (ಕಲಬುರಗಿಯ ಓದುಗರು)

ಉತ್ತರ: ಮೊದಲು ನಿಮ್ಮ ಹಳೆಯ ಗಾಡಿಗೆ ನ್ಯಾಯ ಮಾಡಿ. 95 ಸಾವಿರ ಓಡಿದ ಗಾಡಿಯ ಶಾಕ್ ಅಬ್ಸಾರ್ಬರ್, ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಎಲ್ಲ ಸವೆದಿರುತ್ತವೆ. ಸವೆದ ಗಾಡಿಯಿಂದ ಇಳಿದು ಹೊಸ ಗಾಡಿ ಹತ್ತಿದರೆ ಯಾವ ಹೊಸ ಗಾಡಿಯೂ ಮೆತ್ತಗೇ ಅನ್ನಿಸುತ್ತದೆ. ಸಣ್ಣ ತಗ್ಗಿನಲ್ಲಿ ಮುಂದಿನಿಂದ ‘ಟಕ್ ಟಕ್’ ಸದ್ದು ಬಂದರೆ ಲಿಂಕ್ ರಾಡ್ ನೋಡಿಸಿ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆಯ ಜಿಡ್ಡು, ಅದರ ಮೇಲೆ ದೂಳು ಅಂಟಿದ್ದರೆ ಅದು ಸೋರುತ್ತಿದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2318 ಎಂದಿದ್ದರೆ 2018ರ 23ನೇ ವಾರ ತಯಾರಾದದ್ದು. ಅಂದರೆ ಗಾಡಿಯ ಜೊತೆ ಬಂದ ಟೈರೇ ಇನ್ನೂ ಇದೆ, ರಬ್ಬರ್ ಗಟ್ಟಿಯಾಗಿದೆ. ನಿಮಗೆ ಕೇಳುವ ರಸ್ತೆ ಸದ್ದಿನ ದೊಡ್ಡ ಪಾಲು ಅದರದೇ. ಏರ್ ಫಿಲ್ಟರನ್ನೂ ತೆಗೆದು ನೋಡಿ. ಸೇಡಂ ಕಡೆಯ ಸಿಮೆಂಟ್ ದೂಳು, ತೊಗರಿ ರಾಶಿಯ ಕಾಲದ ಹೊಟ್ಟು ಎರಡೂ ಸೇರಿ ಅದನ್ನು ಕಂಪನಿ ಹೇಳಿದ ಅವಧಿಗಿಂತ ಬಹಳ ಮೊದಲೇ ಕಟ್ಟಿಬಿಡುತ್ತವೆ. ಇಷ್ಟು ಸರಿಮಾಡಿಸಿದ ಮೇಲೆ ‘ಇದೇ ಇನ್ನೂ ಮೂರು ವರ್ಷ ಸಾಕು’ ಅನ್ನಿಸಿದರೆ ಅದೂ ಒಂದು ಉತ್ತರವೇ.

ಎರಡನೆಯದು, ನೀವು ಕೊಳ್ಳಲಿರುವ ಮಾದರಿಯನ್ನೇ ಓಡಿಸಿ. ಟೆಸ್ಟ್ ಡ್ರೈವಿಗೆ ಇಡುವುದು ಸಾಮಾನ್ಯವಾಗಿ ಮೇಲಿನ ದರ್ಜೆಯ ಗಾಡಿ, ದೊಡ್ಡ ಅಲಾಯ್ ಗಾಲಿ. ಟೈರಿನ ಅಳತೆ 215/60 ಆರ್16 ಎಂದಿದ್ದರೆ ರಬ್ಬರಿನ ಪಕ್ಕೆಯ ಎತ್ತರ 215ರ 60 ಶೇಕಡಾ, ಅಂದರೆ 129 ಮಿ.ಮೀ. ಬೇರೆ ಗಾಡಿಗಳಲ್ಲಿ ಬರುವ 215/55 ಆರ್18ರಲ್ಲಿ ಅದು 118 ಮಿ.ಮೀ. ಈ ಒಂದು ಸೆಂಟಿಮೀಟರ್ ಚಿಲ್ಲರೆ ವ್ಯತ್ಯಾಸ ತಗ್ಗಿನ ಅಂಚು ಬಡಿದಾಗ ನಡುವಿಗೆ ತಿಳಿಯುತ್ತದೆ, ರಿಮ್ಮಿಗೂ ತಿಳಿಯುತ್ತದೆ. ಹೊರಡುವ ಮೊದಲು ಟೈರಿನ ಗಾಳಿ ಅಳೆಸಿ. ಚಾಲಕನ ಬಾಗಿಲ ಬಳಿಯ ಸ್ಟಿಕರಿನಲ್ಲಿ 33 ಪಿಎಸ್‌ಐ ಎಂದಿದ್ದು ಟೈರಿನಲ್ಲಿ 28 ಇದ್ದರೆ ಆ ಮೆತ್ತಗಿನ ಸವಾರಿ ಗಾಳಿ ಕಡಿಮೆಯಾದದ್ದರಿಂದ ಬಂದದ್ದು, ಸಸ್ಪೆನ್ಷನ್‌ನಿಂದಲ್ಲ. ಎರಡೂ ಗಾಡಿಗೆ ಅವುಗಳ ಸ್ಟಿಕರಿನಷ್ಟು ಗಾಳಿ ಹಾಕಿ.

ಈಗ ಮುಖ್ಯ ಮಾತು, ಲಾರಿ ದಾಟುವುದು. ನಿಮ್ಮ ಡೀಸೆಲ್ 1,248 ಸಿಸಿ, 90 ಪಿಎಸ್ (ಅಶ್ವಶಕ್ತಿಯ ಅಳತೆ). ತಿರುಗುಬಲ (ಟಾರ್ಕ್, ಗಾಡಿಯನ್ನು ಎಳೆಯುವ ಬಲ) 200 ನ್ಯೂಟನ್ ಮೀಟರ್, ಅದೂ 1,750 ಆರ್‌ಪಿಎಂನಲ್ಲೇ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು). 2022ರಲ್ಲಿ ಬಂದ ಹೊಸ ಬ್ರೆಝಾದ ಪೆಟ್ರೋಲ್ ಇಂಜಿನ್ 1,462 ಸಿಸಿ, 103 ಪಿಎಸ್. ಆದರೆ ತಿರುಗುಬಲ 137 ನ್ಯೂಟನ್ ಮೀಟರ್, ಅದು ಪೂರ್ತಿ ಸಿಗುವುದು 4,400 ಆರ್‌ಪಿಎಂನಲ್ಲಿ. ಕಾಗದದ ಮೇಲೆ ಪೆಟ್ರೋಲಿಗೆ 13 ಪಿಎಸ್ ಹೆಚ್ಚು. ಆದರೆ ನಾಲ್ಕನೇ ಗೇರಿನಲ್ಲಿ 60ರಿಂದ ಆಕ್ಸಿಲರೇಟರ್ ಒತ್ತಿದರೆ ನಿಮ್ಮ ಹಳೆಯ ಗಾಡಿ ಎಳೆದುಕೊಂಡು ಹೋಗುತ್ತದೆ, ಹೊಸದು ‘ಗೇರ್ ಇಳಿಸು’ ಎನ್ನುತ್ತದೆ. ಮೂರಕ್ಕೆ ಇಳಿಸಿ ಇಂಜಿನ್ ಕೂಗಲು ಬಿಟ್ಟರೆ ಅದೂ ಹೋಗುತ್ತದೆ. ಓಡಿಸುವ ರೂಢಿ ಬದಲಾಗಬೇಕು, ಅಷ್ಟೆ. ಆ ರೂಢಿ ನಿಮಗೆ ಒಪ್ಪುತ್ತದೆಯೇ ಎಂಬುದನ್ನೇ ಟೆಸ್ಟ್ ಡ್ರೈವಿನಲ್ಲಿ ತಿಳಿಯಬೇಕು. ಇನ್ನೊಂದು ಸಂಗತಿ: ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್ ಗಾಳಿ ತೆಳುವಾದಷ್ಟೂ ಸೊರಗುತ್ತದೆ. 43 ಡಿಗ್ರಿಯ ಗಾಳಿ 25 ಡಿಗ್ರಿಯದಕ್ಕಿಂತ ಸುಮಾರು 6 ಶೇಕಡಾ ತೆಳು. ಜನವರಿಯಲ್ಲಿ ಓಡಿಸಿ ಮೆಚ್ಚಿದ ಗಾಡಿ ಮೇ ತಿಂಗಳಲ್ಲಿ ಐದು ಜನ, ಎಸಿ ಇಟ್ಟುಕೊಂಡು ಹಾಗೇ ಓಡುವುದಿಲ್ಲ.

ಅಳೆಯುವುದು ಹೀಗೆ. ರಸ್ತೆ ಖಾಲಿಯಿರುವ, ನೇರವಾದ, ಸಮತಟ್ಟಾದ ಜಾಗ ಆರಿಸಿ. ಎರಡೂ ಗಾಡಿಯಲ್ಲಿ ಅಷ್ಟೇ ಜನ, ಎಸಿ ಚಾಲೂ, ಒಂದೇ ದಿಕ್ಕು. ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ, ನಾಲ್ಕನೇ ಗೇರಿನಲ್ಲಿ 60ರಿಂದ 80ಕ್ಕೆ ಏರಲು ಎಷ್ಟು ಸೆಕೆಂಡ್ ಎಂದು ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಎಣಿಸಲಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಸೆಕೆಂಡುಗಳಿಗೆ ಯಾಕೆ ಇಷ್ಟು ಬೆಲೆ ಅಂದರೆ: 18 ಮೀಟರ್ ಉದ್ದದ ಲಾರಿ 60ರಲ್ಲಿ ಹೋಗುತ್ತಿದೆ, ನೀವು 80ರಲ್ಲಿ ದಾಟುತ್ತೀರಿ ಎನ್ನಿ. ಹಿಂದೆ 20 ಮೀಟರ್, ಮುಂದೆ 20 ಮೀಟರ್ ಅಂತರ, ನಿಮ್ಮ ಗಾಡಿಯ 4 ಮೀಟರ್ ಸೇರಿ 62 ಮೀಟರ್ ಹೆಚ್ಚುವರಿ ಕ್ರಮಿಸಬೇಕು. ಅದಕ್ಕೆ 11 ಸೆಕೆಂಡ್. ಆ ಹೊತ್ತಿಗೆ ನೀವು ಸುಮಾರು 250 ಮೀಟರ್ ಹೋಗಿರುತ್ತೀರಿ, ಎದುರಿನ ಗಾಡಿಯೂ 80ರಲ್ಲಿದ್ದರೆ ಅದು ಇನ್ನೊಂದು 250 ಮೀಟರ್ ಬಂದಿರುತ್ತದೆ. ಅರ್ಧ ಕಿಲೋಮೀಟರ್ ರಸ್ತೆ ಖಾಲಿ ಕಾಣಬೇಕು. ಗಾಡಿ ಎರಡು ಸೆಕೆಂಡ್ ನಿಧಾನವಾದರೆ ಇನ್ನೂ 90 ಮೀಟರ್ ಬೇಕು.

ಸವಾರಿ ನೋಡುವಾಗ ಹಿಂದಿನ ಸೀಟಿನಲ್ಲಿ ಮನೆಯ ಹಿರಿಯರೊಬ್ಬರನ್ನು ಕೂಡಿಸಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ನಮ್ಮ ರಸ್ತೆಗಳು ತಗ್ಗಿಲ್ಲದಿದ್ದರೂ ಅಲೆಯಲೆಯಾಗಿರುತ್ತವೆ. ಆ ಅಲೆಯ ಮೇಲೆ 70ರಲ್ಲಿ ಹೋದಾಗ ಹಿಂಭಾಗ ಒಂದು ಸಲ ಎದ್ದು ಕೂತರೆ ಸರಿ. ಎರಡು ಮೂರು ಸಲ ತೂಗಿದರೆ ದೂರದ ಪ್ರಯಾಣದಲ್ಲಿ ಹಿಂದೆ ಕೂತವರಿಗೆ ವಾಂತಿ ಬರುತ್ತದೆ. ಶೋರೂಮಿನ ಸುತ್ತಿನಲ್ಲಿ ಇದು ಗೊತ್ತಾಗುವುದೇ ಇಲ್ಲ.

ಒಂದು ಸಲ ಕತ್ತಲಾದ ಮೇಲೂ ಓಡಿಸಲು ಕೇಳಿ. ಕಬ್ಬಿನ ಕಾಲದಲ್ಲಿ ಆಳಂದ, ಅಫಜಲಪುರ ಕಡೆ ಹಿಂದೀಪವಿಲ್ಲದ ಟ್ರ್ಯಾಲಿಗಳು ಎಷ್ಟು ದೂರದಲ್ಲಿ ಕಾಣುತ್ತವೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಬೆಳಕು ಬಿಳಿಯಾಗಿದ್ದ ಮಾತ್ರಕ್ಕೆ ದೂರ ಬೀಳುವುದಿಲ್ಲ. ಲೋ ಬೀಮಿನಲ್ಲಿ ರಸ್ತೆಯ ಎಡ ಅಂಚು ಎಲ್ಲಿಯವರೆಗೆ ಕಾಣುತ್ತದೆ ಎಂದು ಎರಡೂ ಗಾಡಿಯಲ್ಲಿ ಅದೇ ಜಾಗದಲ್ಲಿ ನಿಂತು ನೋಡಿ. ಇನ್ನು, ಹೊರಡುವ ಮೊದಲು ಸಹಿ ಹಾಕಿಸುವ ಕಾಗದವನ್ನು ಓದಿ. ಗಾಡಿಗೆ ಪೆಟ್ಟಾದರೆ ನೀವು ಎಷ್ಟು ಕಟ್ಟಬೇಕೆಂದು ಅದರಲ್ಲಿ ಬರೆದಿರಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಎಸಿ ಪರೀಕ್ಷೆ ಮಾಡುವುದು ಹೇಗೆ? ಸನ್‌ರೂಫ್ ಇರುವ ಗಾಡಿ ತೆಗೆದುಕೊಳ್ಳಬಹುದೇ? (ಜೇವರ್ಗಿಯ ಓದುಗರು)

ಉತ್ತರ: ಬೆಳಿಗ್ಗೆ ಹತ್ತಕ್ಕೆ ಬೇಡ, ಮಧ್ಯಾಹ್ನ ಎರಡಕ್ಕೆ ಹೋಗಿ. ಎರಡೂ ಗಾಡಿಯನ್ನು ಗಾಜು ಏರಿಸಿ ಒಂದು ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ. ಸಣ್ಣ ಡಿಜಿಟಲ್ ಥರ್ಮಾಮೀಟರನ್ನು ಹಿಂದಿನ ಸೀಟಿನ ನಡುವೆ, ಎದೆಯ ಎತ್ತರಕ್ಕೆ ಇಡಿ. ಹೊರಟ ಒಂದು ನಿಮಿಷ ಗಾಜು ಇಳಿಸಿ ಬಿಸಿ ಗಾಳಿ ಹೊರಗೆ ಬಿಟ್ಟು, ಆಮೇಲೆ ಏರಿಸಿ ಒಳಗಾಳಿ ಸುತ್ತುವ ಬಟನ್ ಒತ್ತಿ. 5ನೇ ಮತ್ತು 10ನೇ ನಿಮಿಷದ ಅಂಕಿ ಬರೆದುಕೊಳ್ಳಿ. ಓಡುವಾಗ ಎಸಿ ಗಾಳಿ ಬರುವ ಮುಂದಿನ ನಡುವಿನ ಕಂಡಿಯಲ್ಲಿ 8ರಿಂದ 12 ಡಿಗ್ರಿ ಬಂದರೆ ಚೆನ್ನಾಗಿದೆ. ಮುಖ್ಯ ಪರೀಕ್ಷೆ ನಿಂತಾಗ: ಜಗತ್ ವೃತ್ತದಂಥ ಜಾಗದಲ್ಲಿ ಐದು ನಿಮಿಷ ನಿಂತರೆ ಕಂಡಿಯ ಗಾಳಿ ಎಷ್ಟು ಬಿಸಿಯಾಗುತ್ತದೆ ನೋಡಿ. ನಿಮ್ಮ ಹಳೆಯ ಗಾಡಿ ಇಲ್ಲಿ ಸೋತರೆ ಗ್ಯಾಸ್ ತುಂಬಿಸುವ ಮೊದಲು ಕಂಡೆನ್ಸರ್ ತೊಳೆಸಿ, ಅದರ ಫ್ಯಾನ್ ತಿರುಗುತ್ತದೆಯೇ ನೋಡಿ, ಕ್ಯಾಬಿನ್ ಫಿಲ್ಟರ್ ಬದಲಿಸಿ.

ಸನ್‌ರೂಫ್ ನಮ್ಮ ಬಿಸಿಲಿಗೆ ಹೇಳಿಸಿದ್ದಲ್ಲ. ಬೇಕೇ ಬೇಕೆಂದರೆ ಒಳಪರದೆ ಬಟ್ಟೆಯದೋ ಗಟ್ಟಿಯದೋ ಕೈಯಿಟ್ಟು ನೋಡಿ. ತೆಳು ಬಟ್ಟೆಯದಾದರೆ ಮಧ್ಯಾಹ್ನ ನೆತ್ತಿ ಸುಡುತ್ತದೆ. ಅದರ ನಾಲ್ಕು ಮೂಲೆಯ ನೀರಿನ ಕೊಳವೆಗಳಲ್ಲಿ ದೂಳು ಕಟ್ಟಿದರೆ ಮೊದಲ ಮಳೆಗೆ ಗಾಜಿನ ಪಕ್ಕದ ಕಂಬದ ಒಳಗಿನಿಂದ ನೀರು ಇಳಿಯುತ್ತದೆ. ವರ್ಷಕ್ಕೊಮ್ಮೆ ಜೂನ್‌ಗೆ ಮೊದಲು ಬಿಡಿಸಬೇಕು. ಆ ದುಡ್ಡಿಗೆ ಗಾಳಿಯಾಡುವ ಸೀಟು ಸಿಗುವುದಾದರೆ ನಾವು ಅದನ್ನೇ ಆರಿಸುತ್ತೇವೆ.

ಪ್ರಶ್ನೆ: ಬೀದರ್ ಪೇಟೆಯೊಳಗೇ ದಿನಕ್ಕೆ 10–12 ಕಿ.ಮೀ. ಓಡಾಟ, ತಿಂಗಳಿಗೊಮ್ಮೆ ಹೈದರಾಬಾದ್. ಡೀಸೆಲ್ ಆಟೊಮ್ಯಾಟಿಕ್ ಓಡಿಸಿ ನೋಡಿದೆ, ಬಹಳ ಹಿಡಿಸಿತು. ತೆಗೆದುಕೊಳ್ಳಲೇ? ಹೈದರಾಬಾದಿನಲ್ಲೇ ಕೊಂಡರೆ ಹೇಗೆ? (ಬೀದರ್‌ನ ಓದುಗರು)

ಉತ್ತರ: ನಿಮ್ಮ ಓಡಾಟಕ್ಕೆ ಡೀಸೆಲ್ ಬೇಡ. ಬಿಎಸ್6 (ಈಗಿನ ಹೊಗೆ ನಿಯಮದ) ಡೀಸೆಲ್ ಗಾಡಿಯ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ, ಡಿಪಿಎಫ್, ಇರುತ್ತದೆ. ಅದು ತುಂಬಿದಾಗ ತನ್ನಲ್ಲಿನ ಮಸಿಯನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಸುಡಬೇಕು. ಅದಕ್ಕೆ 2,000 ಆರ್‌ಪಿಎಂ ಆಸುಪಾಸಿನಲ್ಲಿ 15–20 ನಿಮಿಷದ ಎಡೆಬಿಡದ ಓಟ ಬೇಕು. ಪೇಟೆಯೊಳಗೆ ಮೂರು ಕಿ.ಮೀ. ಹೋಗಿ ಇಂಜಿನ್ ಆರಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಆಮೇಲೆ ದೀಪ ಹತ್ತುತ್ತದೆ. ಅರ್ಧಕ್ಕೆ ನಿಂತಾಗಲೆಲ್ಲ ಸ್ವಲ್ಪ ಡೀಸೆಲ್ ಇಂಜಿನ್ ಆಯಿಲಿಗೆ ಇಳಿಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಅದು ಶುಭ ಲಕ್ಷಣವಲ್ಲ. ಹುಮನಾಬಾದ್‌ಗೆ ದಿನಾ ಹೋಗಿಬರುವವರಿಗೆ ಈ ತೊಂದರೆಯೇ ಇಲ್ಲ.

ಪೆಟ್ರೋಲ್ ಆಟೊಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ (ಎಣ್ಣೆಯ ಮೂಲಕ ಬಲ ದಾಟಿಸುವ ಗೇರ್‌ಬಾಕ್ಸ್) ಅಥವಾ ಸಿವಿಟಿ (ಗೇರ್ ಮೆಟ್ಟಿಲುಗಳಿಲ್ಲದ, ಬೆಲ್ಟಿನ ಗೇರ್‌ಬಾಕ್ಸ್) ನೋಡಿ. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಓಡಿಸುವುದಾದರೆ ಒಂದು ಏರು ಹುಡುಕಿ, ಬರೀ ಬ್ರೇಕ್ ಸಡಿಲಿಸಿ ಇಂಚಿಂಚಾಗಿ ಹತ್ತಿಸಿ, ಹಿಂದಕ್ಕೂ ಹತ್ತಿಸಿ. ಒಣ ಕ್ಲಚ್ಚಿನ ಡಿಸಿಟಿ ಬಿಸಿಲಲ್ಲಿ ಹೀಗೆ ತೆವಳಿದರೆ ಕಾದು ಬಿಸಿಯಾಗುತ್ತದೆ. ನಡುಕ ಅಥವಾ ಎಚ್ಚರಿಕೆ ಕಂಡರೆ ಸಂತೆ ದಿನದ ದಟ್ಟಣೆಗೆ ಅದು ಆಗಿಬರುವುದಿಲ್ಲ.

ಹೈದರಾಬಾದಿನಲ್ಲಿ ಕೊಂಡರೂ ತಾತ್ಕಾಲಿಕ ನೋಂದಣಿಯ ಮೇಲೆ ತಂದು ಕೆಎ 38ರಲ್ಲೇ (ಬೀದರ್ ಆರ್‌ಟಿಒ) ಕಾಯಂ ನೋಂದಣಿ ಮಾಡಿಸಿ, ತೆರಿಗೆ ಇಲ್ಲಿ ಕಟ್ಟಿ. ತೆಲಂಗಾಣದ ನಂಬರ್ ಹಾಕಿಸಿದರೆ 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿಟ್ಟಾಗ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಮರುನೋಂದಣಿ ಮಾಡಿಸಬೇಕು. ಅದಕ್ಕೆ ಅಲ್ಲಿಯ ನಿರಾಕ್ಷೇಪಣ ಪತ್ರ ಬೇಕು, ಇಲ್ಲಿಯ ತೆರಿಗೆಯೂ ತಪ್ಪದು.

ಪ್ರಶ್ನೆ: ನಾಲ್ಕು ಮೀಟರ್ ಒಳಗಿನ ಎರಡು ಪೆಟ್ರೋಲ್ ಎಸ್‌ಯುವಿಗಳಿಗೆ ಜಿಎಸ್‌ಟಿ ಬೇರೆ ಬೇರೆ ಹೇಳುತ್ತಾರೆ, ಯಾಕೆ? (ಹುಮನಾಬಾದಿನ ಓದುಗರು)

ಉತ್ತರ: ಉದ್ದವೊಂದೇ ಸಾಲದು. 2025ರ ಸೆಪ್ಟೆಂಬರ್ 22ರಿಂದ 18 ಶೇಕಡಾ ದರ ಸಿಗಬೇಕಾದರೆ ಉದ್ದ 4,000 ಮಿ.ಮೀ. ಮೀರಬಾರದು, ಪೆಟ್ರೋಲ್ ಇಂಜಿನ್ 1,200 ಸಿಸಿ ಅಥವಾ ಡೀಸೆಲ್ 1,500 ಸಿಸಿ ದಾಟಬಾರದು. ಮೀರಿದರೆ 40. ಹಾಗಾಗಿ 1.2 ಲೀಟರಿನ ನೆಕ್ಸಾನ್ ಪೆಟ್ರೋಲಿಗೆ 18, 1.5 ಲೀಟರಿನ ಬ್ರೆಝಾಗೆ 40.

ಪ್ರಶ್ನೆ: ಹೊಲಕ್ಕೆ ಹೋಗುವ ಕಾಲುವೆ ದಾರಿ ಮಳೆಗಾಲದಲ್ಲಿ ಪೂರಾ ಕೆಸರು. ‘ಮಡ್ ಮೋಡ್’ ಇರುವ ಹೊಸ ಎಸ್‌ಯುವಿ ಸಾಕೇ, ಫೋರ್ ವೀಲ್ ಡ್ರೈವ್ ಬೇಕೇ? (ಶಹಾಪುರದ ಓದುಗರು)

ಉತ್ತರ: ಎರಡು ಗಾಲಿ ಮಾತ್ರ ಎಳೆಯುವ ಗಾಡಿಯ ಮಡ್ ಮೋಡ್ ಆಕ್ಸಿಲರೇಟರ್ ಮತ್ತು ಬ್ರೇಕಿನ ಲೆಕ್ಕವನ್ನು ಬದಲಿಸುತ್ತದೆ, ಹಿಂದಿನ ಗಾಲಿಗೆ ಬಲ ಕೊಡುವುದಿಲ್ಲ. ಲೋ ರೇಂಜ್ (ನಿಧಾನಕ್ಕೆ, ಹೆಚ್ಚು ಬಲದಿಂದ ಎಳೆಯುವ ಹೆಚ್ಚುವರಿ ಗೇರ್) ಸಮೇತ ನಿಜವಾದ ಫೋರ್ ವೀಲ್ ಡ್ರೈವ್ ಬೇಕೆಂದರೆ ಜಿಮ್ನಿ, ಥಾರ್, ಸ್ಕಾರ್ಪಿಯೊ-ಎನ್‌ನ 4x4 ಮಾದರಿಗಳನ್ನು ಓಡಿಸಿ ನೋಡಿ. ಆದರೂ ಎರೆಮಣ್ಣಿನ ಗುಣ ಬೇರೆ. ಅದು ಟೈರಿನ ಹಲ್ಲುಗಳ ನಡುವೆ ತುಂಬಿ ಟೈರನ್ನು ನುಣ್ಣಗೆ ಮಾಡಿಬಿಡುತ್ತದೆ, ಆಗ ನಾಲ್ಕೂ ಗಾಲಿ ಒಟ್ಟಿಗೆ ಜಾರುತ್ತವೆ. ಟ್ರ್ಯಾಕ್ಷನ್ ಕಂಟ್ರೋಲ್ (ಗಾಲಿ ಜಾರಿ ತಿರುಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಲು ಬಟನ್ ಇದೆಯೇ ನೋಡಿ. ಗಾಲಿ ಸ್ವಲ್ಪ ಜೋರಾಗಿ ತಿರುಗಿದರೆ ಮಾತ್ರ ಮಣ್ಣು ಕಿತ್ತುಹೋಗುತ್ತದೆ. ಎರಡನೇ ಗೇರ್, ಒಂದೇ ವೇಗ, ನಡುವೆ ನಿಲ್ಲಬೇಡಿ. ವರ್ಷಕ್ಕೆ ಹತ್ತು ಸಲ ಮಾತ್ರ ಈ ಪಾಡಾದರೆ ಅಷ್ಟು ದುಡ್ಡು ಹಾಕುವ ಬದಲು ದಾರಿಗೆ ಎರಡು ಟ್ರಿಪ್ ಮರಂ ಹಾಕಿಸುವುದು ಲೇಸು.

ನೆಲದ ಅಂತರ ಅಳೆಯಲು ಟೇಪ್ ಒಯ್ಯಿರಿ. ಕೆಲವು ಕಂಪನಿಗಳು ಖಾಲಿ ಗಾಡಿಯ ಅಳತೆ ಕೊಡುತ್ತವೆ. ಐದು ಜನ ಕೂತ ಮೇಲೆ ಹೊಟ್ಟೆಯ ಅಡಿಯ ಎಲ್ಲಕ್ಕಿಂತ ಕೆಳಗಿನ ಭಾಗದಿಂದ ನೆಲಕ್ಕೆ ಎಷ್ಟು ಎಂದು ನಿಮ್ಮ ಗಾಡಿಯದನ್ನೂ ಹೊಸದರದನ್ನೂ ಅಳೆಯಿರಿ. ಸ್ಪೇರ್ ಗಾಲಿ ಸಮ ಅಳತೆಯದೇ, ಸಣ್ಣದೇ ಎಂಬುದನ್ನೂ ಡಿಕ್ಕಿ ತೆಗೆಸಿ ನೋಡಿ. ಕೆಸರಿನಿಂದ ಬಂದ ಮೇಲೆ 70–80ರಲ್ಲಿ ಸ್ಟೀರಿಂಗ್ ನಡುಗಿದರೆ ಗಾಡಿಯನ್ನು ಬೈಯಬೇಡಿ. ರಿಮ್ಮಿನ ಒಳಬದಿಗೆ ಅಂಟಿ ಒಣಗಿದ ಎರೆಮಣ್ಣು ಗಾಲಿಯ ಸಮತೂಕ ಕೆಡಿಸಿರುತ್ತದೆ. ಒಳಗಿನಿಂದ ನೀರು ಹೊಡೆದು ತೊಳೆದರೆ ಹೋಗುತ್ತದೆ.

ಪ್ರಶ್ನೆ: ಶೋರೂಮಿನ ಟೆಸ್ಟ್ ಡ್ರೈವ್ ಗಾಡಿಯನ್ನೇ ಕಡಿಮೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. (ಸೇಡಂನ ಓದುಗರು)

ಉತ್ತರ: ಅದು ಮಾರಾಟಗಾರರ ಹೆಸರಿನಲ್ಲಿ ನೋಂದಣಿಯಾಗಿದ್ದರೆ ನೀವು ಎರಡನೇ ಮಾಲೀಕರು, ಮುಂದೆ ಮಾರುವಾಗಲೂ ಹಾಗೇ ಬೆಲೆ ಕಟ್ಟುತ್ತಾರೆ. ವಾರಂಟಿಯ ಲೆಕ್ಕ ಯಾವ ದಿನದಿಂದ ಎಂಬುದನ್ನು ಬರಹದಲ್ಲಿ ಪಡೆಯಿರಿ. ವಿಮೆಯಲ್ಲಿ ಕ್ಲೇಮ್ ಆಗಿದೆಯೇ ಎಂದು ಪಾಲಿಸಿ ನಂಬರ್ ಹಾಕಿ ವಿಚಾರಿಸಿ. ಮ್ಯಾನುವಲ್ ಆಗಿದ್ದರೆ ಕ್ಲಚ್ ನೋಡಿ: ನಾಲ್ಕನೇ ಗೇರಿನಲ್ಲಿ 50ರಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ನೂರಾರು ಹೊಸಬರು ಬಿಟ್ಟು ಹಿಡಿದ ಕ್ಲಚ್ ಅದು. ಹೊಸ ಕ್ಲಚ್ ಸೆಟ್, ಗೇರ್‌ಬಾಕ್ಸ್ ಇಳಿಸುವ ಕೂಲಿ, ಎರಡು ಟೈರ್ ಇವನ್ನು ಕೂಡಿಸಿ, ಆ ಮೊತ್ತ ರಿಯಾಯಿತಿಗಿಂತ ಕಡಿಮೆಯಿದ್ದರೆ ಮಾತ್ರ ಮಾತುಕತೆ ಮುಂದುವರಿಸಿ.