ಕಾಕಾನ ಮಗಳಿಗೆ ಬಂದ ವರ ನನ್ನಲ್ಲಿ ಸಮಾಲೋಚನೆಗೆ ಬರುವವರು: ಮನೆಯವರಿಗೆ ಹೇಳಲೇ?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಆಪ್ತಸಮಾಲೋಚಕಿ. ಕುಡಿತದ ಚಟ ಮತ್ತು ಖಿನ್ನತೆಗಾಗಿ ಯುವಕರೊಬ್ಬರು ನಾಲ್ಕು ತಿಂಗಳಿಂದ ನನ್ನಲ್ಲಿಗೆ ಬರುತ್ತಿದ್ದಾರೆ. ಸುಧಾರಿಸಿದ್ದಾರೆ, ಆದರೆ ನಡುವೆ ಒಮ್ಮೆ ಮತ್ತೆ ಕುಡಿದದ್ದೂ ಉಂಟು. ಕಳೆದ ವಾರ ಗದಗಿನಿಂದ ನಮ್ಮ ಕಾಕಾ ತಮ್ಮ ಮಗಳಿಗೆ ಬಂದ ಸಂಬಂಧದ ಬಯೋಡೇಟಾ ವಾಟ್ಸ್‌ಆ್ಯಪ್ ಮಾಡಿ, ‘ಹುಡುಗ ನಿಮ್ಮ ಊರಾಗ ಅದಾನ, ಹೆಂಗದಾನ ವಿಚಾರಿಸಿ ಹೇಳವಾ’ ಎಂದರು. ಫೋಟೊ ನೋಡಿದರೆ ಅದೇ ಯುವಕ! ಸುಮ್ಮನಿದ್ದು ತಂಗಿಯ ಬಾಳು ಕೆಟ್ಟರೆ ನಾನೇ ಹೊಣೆಯಲ್ಲವೇ? (ಹೆಸರು ಬೇಡ, ಹುಬ್ಬಳ್ಳಿ)

ಉತ್ತರ: ಹೇಳುವಂತಿಲ್ಲ. ‘ಹುಡುಗ ಒಳ್ಳೆಯವ’ ಎಂದೂ ಹೇಳುವಂತಿಲ್ಲ, ಏಕೆಂದರೆ ಸಮಾಲೋಚನೆಯ ಕೋಣೆಯಲ್ಲಿ ತಿಳಿದದ್ದನ್ನು ಆಧರಿಸಿ ಕೊಡುವ ಹೊಗಳಿಕೆಯೂ ಗೋಪ್ಯತೆಯ ಉಲ್ಲಂಘನೆಯೇ.

ಗೋಪ್ಯತೆಗೆ ವಿನಾಯಿತಿಗಳೇ ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ಹಕ್ಕೆಂದು ಹೇಳಿ, ಇನ್ನೊಬ್ಬರನ್ನು ಹಾನಿ ಅಥವಾ ಹಿಂಸೆಯಿಂದ ಕಾಪಾಡಲು ಅಗತ್ಯವಾದರೆ, ಅದಕ್ಕೆ ಬೇಕಾದಷ್ಟೇ ಮಾಹಿತಿಯನ್ನು ಹೊರಗೆಡಹಲು ಅವಕಾಶ ಕೊಡುತ್ತದೆ. ಮದ್ಯವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಈ ಕಾಯ್ದೆ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ನಿಮ್ಮ ಪದವಿ, ನೋಂದಣಿಗಳು ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಯೇ ಎಂಬ ಚರ್ಚೆಯನ್ನು ತಪ್ಪಿಸಿಕೊಳ್ಳುವ ದಾರಿಯಾಗಿ ಹಿಡಿಯಬೇಡಿ; ಬಂದವರಿಗೆ ನೀವು ಕೊಟ್ಟ ಮಾತು ಕಾಯ್ದೆಗಿಂತ ಮೊದಲಿನದು.

ಮದುವೆಯ ವಿಷಯವಾದ್ದರಿಂದ, 1998ರ ‘ಮಿಸ್ಟರ್ ಎಕ್ಸ್ ವಿರುದ್ಧ ಹಾಸ್ಪಿಟಲ್ ಝಡ್’ ತೀರ್ಪನ್ನು ಯಾರಾದರೂ ನಿಮ್ಮ ಮುಂದಿಡಬಹುದು. ಎಚ್‌ಐವಿ ಸೋಂಕಿನ ವಿಷಯ ಆಸ್ಪತ್ರೆಯಿಂದ ಹೊರಬಿದ್ದು ಮದುವೆ ಮುರಿದ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯ ಪರವಾಗಿ ನಿಂತಿತ್ತು. ಅಲ್ಲಿದ್ದದ್ದು ವಧುವಿನ ಜೀವಕ್ಕೇ ನೇರವಾಗಿ ತಗಲುವ ಸೋಂಕಿನ ಪ್ರಶ್ನೆ. ಚಿಕಿತ್ಸೆ ಪಡೆದು ಚೇತರಿಸಿಕೊಳ್ಳುತ್ತಿರುವ ಒಬ್ಬರ ಕುಡಿತವನ್ನು ಅದರ ಪಕ್ಕದಲ್ಲಿ ಇಡಲಾಗದು.

1984ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರೆನ್ ಕಿಚ್ನರ್ ಸಮಾಲೋಚನೆಗೆ ಮುಂದಿಟ್ಟ ಐದು ತತ್ತ್ವಗಳು ನಿಮಗೆ ಗೊತ್ತಿರುತ್ತವೆ: ಸ್ವಾಯತ್ತತೆ, ಹಾನಿ ಮಾಡದಿರುವುದು, ಹಿತಸಾಧನೆ, ನ್ಯಾಯ, ನಿಷ್ಠೆ. ತಂಗಿಯ ಹಿತ, ಆಕೆಗಾಗಬಹುದಾದ ಹಾನಿ ಎಂದು ಇವನ್ನು ತಕ್ಕಡಿಗೆ ಹಾಕಲು ಮನಸ್ಸು ಎಳೆಯುವುದು ಸಹಜ, ಆದರೆ ತಕ್ಕಡಿ ಹಿಡಿದ ಕೈ ಹುಡುಗಿಯ ಅಕ್ಕನದು. ಹಾಗಾಗಿ ಒಂದು ಪರೀಕ್ಷೆ ಮಾಡಿಕೊಳ್ಳಿ. ಇದೇ ಯುವಕರಿಗೆ ಹಾವೇರಿಯ ಯಾವುದೋ ಅಪರಿಚಿತ ಮನೆಯ ಹುಡುಗಿಯನ್ನು ನೋಡುತ್ತಿದ್ದರೆ, ಆ ಮನೆಯ ವಿಳಾಸ ಹುಡುಕಿಕೊಂಡು ಹೋಗಿ ನೀವು ಇದನ್ನು ಹೇಳುತ್ತಿದ್ದಿರೇ? ಇಲ್ಲವಾದರೆ, ಇಲ್ಲಿ ಹೆಚ್ಚಿಗೆ ಸೇರಿರುವುದು ನೆಂಟಸ್ತನ ಮಾತ್ರ. ಅದು ವಿನಾಯಿತಿಯಾಗುವುದಿಲ್ಲ.

ಗೋಪ್ಯತೆಗಿಂತಲೂ ಕಠಿಣವಾದದ್ದು ಯುವಕರಿಗೆ ಸಮಾಲೋಚಕಿ, ಹುಡುಗಿಗೆ ಅಕ್ಕ ಎಂಬ ನಿಮ್ಮ ಎರಡು ಸಂಬಂಧಗಳ ತೊಡಕು. ಮುಂದಿನ ಭೇಟಿಯಲ್ಲೇ, ಹೆಣ್ಣು ನೋಡುವ ದಿನ ಬರುವ ಮೊದಲೇ, ಹೆಣ್ಣಿನ ಮನೆಯವರು ನಿಮ್ಮ ಬಳಗವೆಂದು ಯುವಕರಿಗೆ ನೇರವಾಗಿ ತಿಳಿಸಿ. ನಿಮ್ಮಿಂದ ಅಲ್ಲಿಗೆ ಏನೂ ಹೋಗಿಲ್ಲ, ಹೋಗುವುದೂ ಇಲ್ಲ ಎಂಬುದನ್ನೂ ಸ್ಪಷ್ಟಪಡಿಸಿ. ಬಳಿಕ ಬೇರೆ ಸಮಾಲೋಚಕರಿಗಾಗಲಿ, ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗಾಗಲಿ ಅವರ ಒಪ್ಪಿಗೆಯಿಂದ ವಹಿಸಿಕೊಡಿ. ಒಮ್ಮೆಲೇ ಕೈಬಿಡಬೇಡಿ, ಮತ್ತೆ ಕುಡಿತಕ್ಕೆ ಇಳಿಯುವ ಅಪಾಯ ಇಂಥ ವೇಳೆಯಲ್ಲೇ ಹೆಚ್ಚು. ವಧುವಿಗೆ ತಮ್ಮ ವಿಷಯವನ್ನು ಹೇಳಿಕೊಳ್ಳಬೇಕೇ ಎಂಬುದು ಅವರು ಯೋಚಿಸಬೇಕಾದ ಮಾತೇ ಹೌದು. ಮಹತ್ವದ ಸಂಗತಿಯನ್ನು ಮರೆಮಾಚಿ ಒಪ್ಪಿಗೆ ಪಡೆದ ಮದುವೆಯನ್ನು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಪ್ರಶ್ನಿಸಲು ಅವಕಾಶವಿದೆ. ಆದರೆ ಆ ಚರ್ಚೆಯನ್ನು ಮುಂದಿನ ಸಮಾಲೋಚಕರು ನಡೆಸಲಿ. ನಿಮ್ಮ ಬಾಯಿಂದ ಬಂದರೆ ಅದು ಹೆಣ್ಣಿನ ಕಡೆಯವರ ಮಾತಾಗುತ್ತದೆ.

ಈ ಬಗ್ಗೆ ಹಿರಿಯ ಸಮಾಲೋಚಕರ ಸಲಹೆ ಪಡೆಯಿರಿ, ಆದರೆ ಬೆಂಗಳೂರಿನದೋ ಮೈಸೂರಿನದೋ ಇರಲಿ. ‘ಗದಗಿನ ಹೆಣ್ಣು, ಹುಬ್ಬಳ್ಳಿ ಗಂಡು’ ಎಂದಷ್ಟೇ ಹೇಳಿದರೂ ನಮ್ಮ ಅವಳಿ ನಗರದಲ್ಲಿ ಸಂಜೆಯೊಳಗೆ ಹೆಸರು ಹೊರಬೀಳುತ್ತದೆ.

ಇನ್ನು ಕಾಕಾ. ಹಿಂದೆ ಬೇರೆ ಸಂಬಂಧಗಳ ಬಗ್ಗೆ ನೀವು ಅಭಿಪ್ರಾಯ ಕೊಟ್ಟಿದ್ದರೆ ಈಗಿನ ಮೌನವೇ ಉತ್ತರವಾಗಿಬಿಡುತ್ತದೆ. ಈ ವೃತ್ತಿಯವರು ಮೊದಲ ದಿನದಿಂದಲೇ ಯಾರ ಸಂಬಂಧದ ವಿಚಾರಣೆಗೂ ಇಳಿಯಬಾರದು ಎನ್ನುವುದು ಅದಕ್ಕಾಗಿಯೇ. ಈಗಲಾದರೂ, ‘ಕಾಕಾ, ನನ್ನ ಕೆಲಸಾನ ಅಂಥಾದ್ದು, ಯಾರ ಸಂಬಂಧದಾಗೂ ನಾ ಮಾತಾಡಂಗಿಲ್ಲ, ಇನ್ನ ಮುಂದ ಬರೋವುಕ್ಕೂ ಹಿಂಗ’ ಎಂದಷ್ಟೇ ಹೇಳಿ, ಮುಂದಿನ ಸಂಬಂಧ ಬಂದಾಗಲೂ ಅದನ್ನೇ ಪಾಲಿಸಿ. ಬಯೋಡೇಟಾ ಯಾವಾಗ ಬಂತು, ನೀವು ಏನನ್ನು ಏಕೆ ನಿರ್ಧರಿಸಿದಿರಿ ಎಂಬುದನ್ನು ತಂಗಿಯ ಹೆಸರಿಲ್ಲದೆ ದಾಖಲೆಯಲ್ಲಿ ಬರೆದಿಟ್ಟುಕೊಳ್ಳಿ.